ಹತ್ತು ಗಿನಿಯ ಗುಟ್ಟು

1797ನೆಯ ಇಸವಿಯ ಆರಂಭದಲ್ಲಿ ಲಂಡನ್ ನಗರದ ಹೆಸರುವಾಸಿಯಾದ ಚಿತ್ರಕಾರರು ಅನೇಕರು ಒಬ್ಬ ತರುಣಿಯ ಮುಂದೆ ಪಾಠಶಾಲೆಯ ಹುಡುಗರಂತೆ ಕೈಕಟ್ಟಿ ಕುಳಿತರು. ಆಕೆಯ ಹೆಸರು ಆನ್ ಜೆಮೈಮ ಪ್ರೋವಿಸ್. ತಂದೆ ಥಾಮಸ್ ಪ್ರೋವಿಸ್ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಚಾಕರಿಗಿದ್ದವನು. ತಂದೆ ಮಗಳ ವಶದಲ್ಲಿ ಹಳೆಯ ಕೈಬರಹವೊಂದರ ಪ್ರತಿ ಇತ್ತಂತೆ. ಇನ್ನೂರು ವರ್ಷಗಳ ಹಿಂದೆ ವೆನಿಸ್ ನಗರದಲ್ಲಿ ಟಿಷಿಯನ್ ಮಹಾಶಯನು ಬಣ್ಣದ ಮೇಲೆ ಬಣ್ಣವನ್ನು ಹಾಸಿ, ಚಿತ್ರದ ಮೈಯೊಳಗಿನಿಂದಲೇ ಬೆಳಕು ಹೊಮ್ಮುವಂತೆ ಮಾಡುತ್ತಿದ್ದನಲ್ಲ, ಆ ವಿದ್ಯೆಯೆಲ್ಲ ಅದರಲ್ಲಿ ಅಡಗಿತ್ತಂತೆ. ಮೂಲಪ್ರತಿ ಎಲ್ಲಿ ಎಂದರೆ, ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಇದೊಂದೇ. ಬೇಕಾದವರು ತಲೆಗೆ ಹತ್ತು ಗಿನಿ ಕೊಟ್ಟು, ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಬರೆದುಕೊಟ್ಟು, ಕಲಿತುಕೊಳ್ಳಬಹುದು.

ಕೊಟ್ಟರು, ಬರೆದರು, ಕಲಿತರು. ಅವರು ಸಾಮಾನ್ಯರೇನೂ ಅಲ್ಲ. ರಾಯಲ್ ಅಕಾಡೆಮಿಯ ಸದಸ್ಯರು. ಅಕಾಡೆಮಿಯ ಅಧ್ಯಕ್ಷನಾದ ಬೆಂಜಮಿನ್ ವೆಸ್ಟ್ ಎಲ್ಲರಿಗಿಂತ ಮೊದಲೇ ಈ ಗುಟ್ಟಿನ ರುಚಿ ನೋಡಿದ್ದನು. ಆ ವರ್ಷದ ಪ್ರದರ್ಶನದಲ್ಲಿ ಹೊಸ ವಿಧಾನದ ಚಿತ್ರಗಳು ಗೋಡೆಗೇರಿದುವು. ನೋಡಲು ಬಂದವರು ಟಿಷಿಯನ್ನನ ಕಾಂತಿಯನ್ನು ಹುಡುಕಿ ಹುಡುಕಿ ದಣಿದರು. ಚಿತ್ರಗಳೆಲ್ಲ ಮಂಕು ಹಿಡಿದಂತಿದ್ದುವು. ನವೆಂಬರ್ ತಿಂಗಳಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರನು ದೊಡ್ಡದೊಂದು ಹಾಳೆಯನ್ನು ಅಚ್ಚು ಹಾಕಿಸಿದನು. ಪ್ರೋವಿಸ್ ಕುಮಾರಿಯು ಕಾಮನಬಿಲ್ಲಿನ ಮೇಲೆ ನಿಂತು ಚಿತ್ರ ಬರೆಯುತ್ತಿರುವಳು. ಕೆಳಗೆ ಅಕಾಡೆಮಿಯ ಪಂಡಿತರು ಸಾಲಾಗಿ ಕುಳಿತಿರುವರು. ಐದು ವರ್ಷಗಳ ಹಿಂದೆ ತೀರಿಕೊಂಡಿದ್ದ ಹಿಂದಿನ ಅಧ್ಯಕ್ಷ ಜೋಷುವ ರೆನಾಲ್ಡ್ಸ್ ಗೋರಿಯಿಂದ ಎದ್ದು, ಕಿವಿಗೆ ಕಹಳೆಯನ್ನಿಟ್ಟುಕೊಂಡು, ಇದೇನು ಗದ್ದಲವೆಂದು ಆಲಿಸುತ್ತಿರುವನು. ಊರೆಲ್ಲ ನಕ್ಕಿತು.

ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕೈಬರಹದ ಪಾಕಗಳಲ್ಲಿ ಪ್ರಷ್ಯನ್ ನೀಲಿಯೂ ಸೇರಿತ್ತು. ಆ ಬಣ್ಣವು ಬರ್ಲಿನ್ನಿನಲ್ಲಿ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ. ಟಿಷಿಯನ್ ತೀರಿಕೊಂಡದ್ದು 1576ರಲ್ಲಿ! ವೆಸ್ಟ್ ಆ ಗುಟ್ಟನ್ನು ನಂಬಿ ಬರೆದಿದ್ದ ಚಿತ್ರದಲ್ಲಿ ರೋಮಿನ ಸಿಸೆರೊ ಆರ್ಕಿಮಿಡೀಸನ ಸಮಾಧಿಯನ್ನು ಪತ್ತೆಹಚ್ಚುತ್ತಾನೆ. ಅದೇ ವಸ್ತುವನ್ನು ಆತನು 1804ರಲ್ಲಿ ಮತ್ತೊಮ್ಮೆ, ಪ್ರೋವಿಸರ ಪಾಕವನ್ನು ಬದಿಗಿಟ್ಟು, ಬರೆದನು.

ಇಷ್ಟು ಓದಿದ ವಾಚಕರು ಆ ಪಂಡಿತರನ್ನು ಪೆದ್ದರೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಅವರು ಜೀವಮಾನವೆಲ್ಲ ಕುಂಚ ಹಿಡಿದವರು. ಟಿಷಿಯನ್ನನ ಚಿತ್ರಗಳನ್ನು ಕಣ್ಣಾರೆ ಕಂಡವರು. ಕಂಡೂ ಆ ಚಿತ್ರಗಳು ಹೇಗಾದುವೆಂಬುದು ಅವರಿಗೆ ತಿಳಿಯಲಿಲ್ಲ. ಪದರಗಳಲ್ಲಿ ಬರೆದ ತೈಲಚಿತ್ರದ ಸ್ವಭಾವವೇ ಅಂಥದು. ಅದು ತಾನು ಹುಟ್ಟಿದ ಬಗೆಯನ್ನು ತಾನೇ ಮುಚ್ಚಿಬಿಡುತ್ತದೆ. ಬಡಗಿ ಮಾಡಿದ ಪೆಟ್ಟಿಗೆಯನ್ನು ಇನ್ನೊಬ್ಬ ಬಡಗಿ ತಿರುಗಿಸಿ ಮುರುಗಿಸಿ ನೋಡಿ ಬೆಸುಗೆಯನ್ನು ತಿಳಿಯಬಲ್ಲ. ಚಿತ್ರದಲ್ಲಿ ಮೊದಲ ದಿನದ ಕೆಲಸವು ಎರಡನೆಯ ವಾರದ ಕೆಲಸದ ಕೆಳಗೆ ಹೂತುಹೋಗಿರುತ್ತದೆ. ಕಣ್ಣಿಗೆ ಕಾಣುವುದು ಕಡೆಯ ಪದರ. ಕಾಂತಿ ಬರುವುದು ಕಾಣದ ಪದರಗಳಿಂದ.

ಈ ಕಾಂತಿಯ ವಿಚಾರವನ್ನು ತಿಳಿಯಲು ಬಳೆಗಾರನ ಮಲಾರವೊಂದಿದ್ದರೆ ಸಾಕು. ಕೆಂಪು ಗಾಜಿನ ಬಳೆಯನ್ನು ಕರಿಯ ಕಂಬಳಿಯ ಮೇಲಿಟ್ಟರೆ ಅದು ಕೆಂಪೋ ಕಪ್ಪೋ ಹೇಳುವುದು ಕಷ್ಟ. ಅದೇ ಬಳೆಯನ್ನು ಮಡಿಸಿದ ಬಿಳಿಯ ಪಂಚೆಯ ಮೇಲಿಟ್ಟರೆ ಮಾಣಿಕ್ಯದಂತೆ ಹೊಳೆಯುತ್ತದೆ. ಬೆಳಕು ಗಾಜಿನೊಳಗೆ ಇಳಿದು, ಬಿಳುಪನ್ನು ತಾಗಿ, ಮತ್ತೆ ಗಾಜನ್ನು ಹಾದು ಕಣ್ಣಿಗೆ ಬರುವುದೇ ಇದಕ್ಕೆ ಕಾರಣ. ಅಗಸೆ ಎಣ್ಣೆಯಲ್ಲಿ ಅರೆದ ಕೆಲವು ಬಣ್ಣಗಳು ತೆಳ್ಳಗೆ ಹಚ್ಚಿದಾಗ ಬಣ್ಣದ ಗಾಜಿನಂತೆಯೇ ಪಾರದರ್ಶಕವಾಗಿರುತ್ತವೆ. ಕೆಳಗೆ ಬಿಳಿಯ ಹಾಸು, ಅದರ ಮೇಲೆ ನೆಳಲು ಬೆಳಕುಗಳನ್ನು ತಿದ್ದಿದ ಬೂದು ಬಣ್ಣದ ರೂಪ, ಅದು ಒಣಗಿದ ಮೇಲೆ ಗಾಜಿನಂಥ ಕೆಂಪು, ಅದೂ ಒಣಗಿದ ಮೇಲೆ ಬೇಕಿದ್ದರೆ ಮತ್ತೊಮ್ಮೆ ಕೆಂಪು. ಹಲಗೆಯ ಮೇಲೆ ಕೆಂಪನ್ನೂ ಬಿಳಿಯನ್ನೂ ಕಲಸಿದರೆ ಬರುವುದು ಗುಲಾಬಿ. ಬಿಳಿಯ ಮೇಲೆ ಕೆಂಪನ್ನು ಹಾಸಿದರೆ ಬರುವುದು ದಾಳಿಂಬೆ ಬೀಜದ ಬಣ್ಣ. ಟಿಷಿಯನ್ ಸಾಮಾನ್ಯವಾಗಿ ಬಿಳಿಯ ಹಾಸಿನ ಮೇಲೆ ಬರೆದವನು. ಪ್ರೋವಿಸರು ಹತ್ತು ಗಿನಿ ತೆಗೆದುಕೊಂಡು ಕಲಿಸಿದ್ದು ಕಪ್ಪು ಛಾಯೆಯ ಹಾಸನ್ನು. ಬಳೆಯನ್ನು ಕಂಬಳಿಯ ಮೇಲಿಟ್ಟು ಕಾಂತಿಗಾಗಿ ಕಾದಂತಾಯಿತು.

ಹಾಗಾದರೆ ಮೊದಲಿನವರು ಹೇಗೆ ಕಲಿತರು? ಹಿಟ್ಟು ನಾದುವ ಹದವನ್ನು ಮಗಳು ತಾಯಿಯ ಪಕ್ಕದಲ್ಲಿ ನಿಂತು ಕಲಿಯುವಂತೆ ಕಲಿತರು. ಇಟಲಿಯ ಚೆನ್ನೀನೊ ಚೆನ್ನೀನಿ ಎಂಬ ಚಿತ್ರಕಾರನು ಸುಮಾರು 1400ರಲ್ಲಿ ಬರೆದಿಟ್ಟ ಕೈಪಿಡಿಯಲ್ಲಿ ಶಿಷ್ಯನ ದಿನಚರಿ ಇದೆ. ಮೊದಲೊಂದು ವರ್ಷ ಸಣ್ಣ ಹಲಗೆಯ ಮೇಲೆ ರೇಖಾಭ್ಯಾಸ. ಆಮೇಲೆ ಆರು ವರ್ಷ ಗುರುವಿನ ಅಂಗಡಿಯಲ್ಲಿ ಬಣ್ಣ ಅರೆಯುವುದು, ಸರೇಸು ಕುದಿಸುವುದು, ಹಲಗೆಗೆ ಹಾಸು ಬಳಿದು ಉಜ್ಜುವುದು. ಇನ್ನೂ ಆರು ವರ್ಷ ಬಣ್ಣ ಹಚ್ಚುವುದು. ಒಟ್ಟು ಹದಿಮೂರು ವರ್ಷ! ಎಣ್ಣೆಯನ್ನು ಶ್ರಾವಣದ ಸುಮಾರಿನ ಉರಿಬಿಸಿಲಿನಲ್ಲಿಟ್ಟು ಅರ್ಧಕ್ಕೆ ಇಳಿಸುವ ಕ್ರಮವನ್ನೂ ಆತನು ಹೇಳಿರುವನು. (ಅವರ ಶ್ರಾವಣದಲ್ಲಿ ಮಳೆಯಿಲ್ಲ, ಇಲ್ಲಿಯವರು ಅನುಕರಿಸಹೊರಟರೆ ಎಣ್ಣೆಯ ಬದಲು ನೀರು ಸಿಕ್ಕೀತು.) ಚೆನ್ನೀನಿಯ ಕಾಲದಲ್ಲಿ ಇಟಲಿಯವರು ಹೆಚ್ಚಾಗಿ ಬಣ್ಣವನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು, ಎಣ್ಣೆಯ ಕೆಲಸ ಜರ್ಮನರಿಗೆ ಹೆಚ್ಚು ರೂಢಿಯೆಂದು ಆತನೇ ಹೇಳುತ್ತಾನೆ.

ತೈಲವರ್ಣವನ್ನು ಕಂಡುಹಿಡಿದವನು ಬ್ರೂಜ್ ನಗರದ ಯಾನ್ ವಾನ್ ಐಕ್ ಎಂದು 1550ರಲ್ಲಿ ವಸಾರಿ ಎಂಬವನು ಬರೆದದ್ದು ಬಹುಕಾಲ ವೇದವಾಕ್ಯವಾಗಿತ್ತು. ಅದು ಸುಳ್ಳು. ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಸನ್ಯಾಸಿಯ ಗ್ರಂಥದಲ್ಲೇ ಅಗಸೆ ಎಣ್ಣೆಯ ಬಣ್ಣದ ಪ್ರಸ್ತಾಪವಿದೆ. ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ, ಮೂರ್ತಿಗಳನ್ನು ಬರೆಯುವಾಗ ಇದು ಬಲು ಬೇಸರದ ಕೆಲಸ ಎಂದು ಆ ಸನ್ಯಾಸಿಯು ಗೊಣಗಿರುವುದೂ ಉಂಟು. ಇನ್ನೂ ಹಿಂದೆ, ಆಫ್ಘಾನಿಸ್ಥಾನದ ಬಾಮಿಯಾನ್ ಗುಹೆಗಳಲ್ಲಿ ಏಳನೆಯ ಶತಮಾನದ ಬೌದ್ಧ ಚಿತ್ರಗಳ ಬಣ್ಣದಲ್ಲಿ ಒಣಗುವ ಎಣ್ಣೆ ಸೇರಿದೆಯೆಂದು 2008ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದುವು. ವಾನ್ ಐಕನ ಹಿರಿಮೆ ಬೇರೆಯದು. ಸನ್ಯಾಸಿಗೆ ಬೇಸರ ತರಿಸಿದ ಆ ಕಾಯುವಿಕೆಯನ್ನೇ ಆತನು ಬಂಡವಾಳ ಮಾಡಿಕೊಂಡನು. 1434ರಲ್ಲಿ ಅವನು ಬರೆದ ಆರ್ನೊಲ್ಫಿನಿ ದಂಪತಿಗಳ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆ ಹೆಂಗಸಿನ ಹಸುರು ಉಡುಗೆಯ ಮಡಿಕೆಗಳಿಗೆ ಆರುನೂರು ವರ್ಷ ಹತ್ತಿರವಾದರೂ ವಯಸ್ಸಾಗಿಲ್ಲ.

ಈ ಅಂಗಡಿಗಳ ವಿದ್ಯೆ ಒಂದೇ ದಿನದಲ್ಲಿ ಅಳಿಯಲಿಲ್ಲ. ಕಾಲ ಕಳೆದಂತೆ ಗುರುಕುಲದ ಬದಲು ಅಕಾಡೆಮಿಗಳು ಬಂದುವು. ಅಲ್ಲಿ ದೇಹರಚನೆಯ ಪಾಠವಿತ್ತು, ಗ್ರೀಕ್ ಪುರಾಣದ ಪಾಠವಿತ್ತು, ಸರೇಸು ಕುದಿಸುವ ಪಾಠವಿರಲಿಲ್ಲ. ಬಣ್ಣ ಅರೆಯುವ ಕೆಲಸ ವ್ಯಾಪಾರಿಗಳ ಪಾಲಾಯಿತು. ಕೈ ಮರೆತದ್ದನ್ನು ಬುದ್ಧಿ ಊಹಿಸಹೊರಟಿತು. ರೆನಾಲ್ಡ್ಸನ ಪಾಡು ಇದಕ್ಕೆ ನಿದರ್ಶನ. ಮನುಷ್ಯನು ನಿಜವಾಗಿ ದೊಡ್ಡವನು. ಇಟಲಿಗೆ ಹೋಗಿ ಎರಡು ಮೂರು ವರ್ಷ ಚಿತ್ರಗಳನ್ನು ಅಧ್ಯಯನ ಮಾಡಿದವನು. ವೆನಿಸ್ಸಿನ ಹಳೆಯ ಚಿತ್ರಗಳನ್ನು ಕೊಂಡು, ಪದರ ಪದರವಾಗಿ ಕೆರೆದು, ಒಳಗೇನಿದೆಯೆಂದು ನೋಡಿದನೆಂದು ಹೇಳುತ್ತಾರೆ. ಹಾಗೆ ಕೆರೆದ ಚಿತ್ರಗಳು ಹಾಳಾದುವು, ಗುಟ್ಟಂತೂ ಸಿಕ್ಕಲಿಲ್ಲ. ತನ್ನ ಚಿತ್ರಗಳಲ್ಲಿ ಆತನು ಮೇಣವನ್ನು ಬೆರೆಸಿದನು, ಮೊಟ್ಟೆ ಬೆರೆಸಿದನು, ರಾಳ ಬೆರೆಸಿದನು, ಎಂದಿಗೂ ಸರಿಯಾಗಿ ಒಣಗದ ಡಾಂಬರಿನ ಜಾತಿಯ ಕಂದು ಬಣ್ಣವನ್ನೂ ಬಳಸಿದನು. ಮುಖಗಳಿಗೆ ಹಚ್ಚಿದ ಕಾರ್ಮೈನ್ ಕೆಂಪು ಬಿಸಿಲು ಬೆಳಕಿಗೆ ಮಾಸಿ, ಬರೆಸಿಕೊಂಡವರು ಇನ್ನೂ ಕೆಂಪುಕೆನ್ನೆಯವರಾಗಿರುವಾಗಲೇ ಅವರ ಚಿತ್ರಗಳು ಹೆಣದಂತೆ ಬಿಳಿಚಿಕೊಂಡುವು. ಈತನ ಚಿತ್ರಕ್ಕೆ ಒಂದೇ ಸಲ ಹಣ ಕೊಡಬಾರದು, ಚಿತ್ರ ಬಾಳುವಷ್ಟು ಕಾಲ ವರ್ಷಾಶನ ಕೊಡಬೇಕು ಎಂದು ಹೊರೇಸ್ ವಾಲ್ಪೋಲ್ ಚುಚ್ಚಿದನೆಂದು ಪ್ರತೀತಿ.

ಆ ಹೊತ್ತಿಗೆ ಚೆನ್ನೀನಿಯ ಕೈಪಿಡಿ ಇಟಲಿಯ ಗ್ರಂಥಭಂಡಾರದಲ್ಲಿ ಧೂಳು ಹಿಡಿದು ಮಲಗಿತ್ತು. ಅದು ಅಚ್ಚಾದದ್ದು 1821ರಲ್ಲಿ. ಹತ್ತು ಗಿನಿ ಕೊಟ್ಟವರಿಗೆ ನಿಜವಾದ ಪುಸ್ತಕವನ್ನು ಓದುವ ದಾರಿಯೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ದಾರಿಯನ್ನು ತೆರೆದವರಲ್ಲಿ ಒಬ್ಬಾಕೆ ಬ್ರೈಟನ್ ಊರಿನ ಗೃಹಿಣಿ. ಮೇರಿ ಫಿಲಡೆಲ್ಫಿಯ ಮೆರಿಫೀಲ್ಡ್ 1804ರಲ್ಲಿ ಹುಟ್ಟಿದವಳು. ವಕೀಲನ ಹೆಂಡತಿ, ಮಕ್ಕಳ ತಾಯಿ. ಮನೆವಾರ್ತೆಯ ನಡುವೆ ಇಟಾಲಿಯನ್ ಭಾಷೆಯನ್ನು ಚೆನ್ನಾಗಿ ಕಲಿತಿದ್ದಳು. 1844ರಲ್ಲಿ ಆಕೆ ಚೆನ್ನೀನಿಯ ಕೈಪಿಡಿಯನ್ನು ಇಂಗ್ಲಿಷಿಗೆ ತಂದಳು. ಇಂಗ್ಲಿಷಿನಲ್ಲಿ ಅದೇ ಮೊದಲನೆಯದು. ಆಗ ಬೆಂಕಿಗೆ ಸಿಕ್ಕಿ ಉರಿದುಹೋಗಿದ್ದ ಪಾರ್ಲಿಮೆಂಟ್ ಭವನವನ್ನು ಮತ್ತೆ ಕಟ್ಟುತ್ತಿದ್ದ ಕಾಲ. ಅದರ ಗೋಡೆಗಳಿಗೆ ಚಿತ್ರ ಬರೆಸಬೇಕು, ಬರೆದದ್ದು ಬಾಳಬೇಕು ಎಂಬ ಚಿಂತೆ ಸರಕಾರಕ್ಕಿತ್ತು. ಹಳೆಯ ಕೈಬರಹಗಳನ್ನು ಹುಡುಕಿ ತರಲು 1845ರಲ್ಲಿ ಈಕೆಯನ್ನೇ ಉತ್ತರ ಇಟಲಿಗೆ ಕಳುಹಿಸಿದರು. ಮಗನೊಬ್ಬ ಜತೆಗೆ ಹೋದನು. ನಲವತ್ತು ದಾಟಿದ ಹೆಂಗಸು ಊರೂರಿನ ಗ್ರಂಥಭಂಡಾರಗಳಲ್ಲಿ ಕುಳಿತು, ನಾಲ್ಕು ನೂರು ವರ್ಷದ ಮಾಸಿದ ಬರಹವನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಂಡಳು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಕಸಬುದಾರರನ್ನು ಕಂಡು, ಅವರ ಕೈಗೆ ಗೊತ್ತಿದ್ದುದನ್ನು ಕೇಳಿ ಬರೆದುಕೊಂಡಳು.

1849ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಆ ಸಂಗ್ರಹದಲ್ಲಿ ಗುಟ್ಟೆಂಬುದು ಯಾವುದೂ ಇಲ್ಲ. ಇರುವುದೆಲ್ಲ ಅಂಗಡಿಯ ಮಾತು. ಬಟ್ಟೆಯನ್ನು ಹೇಗೆ ಹದಗೊಳಿಸಬೇಕು, ಯಾವ ಬಣ್ಣವನ್ನು ಎಷ್ಟು ಹೊತ್ತು ಅರೆಯಬೇಕು, ಎಣ್ಣೆಯನ್ನು ಹೇಗೆ ತಿಳಿಗೊಳಿಸಬೇಕು, ಕುಂಚವನ್ನು ಹೇಗೆ ತೊಳೆದಿಡಬೇಕು. ಮಾಯೆಯ ಪಾಕವನ್ನು ಬಯಸಿ ಪುಸ್ತಕ ಬಿಡಿಸಿದವರಿಗೆ ನಿರಾಶೆಯಾಗಿರಬೇಕು. ಆದರೆ ಪ್ರೋವಿಸರ ಕಾಗದ ಮರೆತುಹೋಯಿತು, ಮೆರಿಫೀಲ್ಡಳ ಸಂಪುಟಗಳನ್ನು ಇಂದಿಗೂ ಬಲ್ಲವರು ಬಳಸುತ್ತಾರೆ. ಆಕೆ ಮುಂದೆ ಬ್ರೈಟನ್ನಿನ ಕಡಲ ಪಾಚಿಗಳ ಅಧ್ಯಯನಕ್ಕೆ ತೊಡಗಿ ಆ ಶಾಸ್ತ್ರದಲ್ಲೂ ಹೆಸರು ಪಡೆದಳು.

ನಮ್ಮ ನಾಡಿಗೆ ಈ ವಿದ್ಯೆ ಬಂದಾಗಲೂ ಅದೇ ಕಷ್ಟ ಬೆನ್ನುಹತ್ತಿ ಬಂತು. 1862ರಲ್ಲಿ ಹದಿನಾಲ್ಕು ವರ್ಷದ ಹುಡುಗ ರವಿವರ್ಮನು ಕಿಳಿಮಾನೂರಿನಿಂದ ತಿರುವನಂತಪುರದ ಅರಮನೆಗೆ ಬಂದನು. ಎಣ್ಣೆಬಣ್ಣದ ಕೆಲಸ ಬಲ್ಲವನೆಂದು ಅಲ್ಲಿ ಹೆಸರಾಗಿದ್ದ ರಾಮಸ್ವಾಮಿ ನಾಯ್ಕರ್ ಹುಡುಗನಿಗೆ ಕಲಿಸಲು ಒಪ್ಪಲಿಲ್ಲ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿಯನ್ ಚಿತ್ರಕಾರನು ಮಹಾರಾಜರ ಭಾವಚಿತ್ರ ಬರೆಯಲು ಬಂದನು. ಆತನೂ ಕಲಿಸಲಾರೆನೆಂದನು, ಬೇಕಾದರೆ ತಾನು ಬರೆಯುವಾಗ ನಿಂತು ನೋಡಬಹುದೆಂದು ಮಾತ್ರ ಅನುಮತಿ ಕೊಟ್ಟನೆಂದು ರವಿವರ್ಮನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಿಂತು ನೋಡುವುದೆಂದರೆ ಇಲ್ಲಿ ಸಣ್ಣ ವರವಲ್ಲ. ಮುಗಿದ ಚಿತ್ರವು ಮುಚ್ಚಿಡುವುದನ್ನು ಬರೆಯುತ್ತಿರುವ ಕೈ ಮುಚ್ಚಿಡಲಾರದು; ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ದಿನ ಬಿಟ್ಟು ಎಂಬ ಮೂರು ಸಂಗತಿಗಳನ್ನು ಕಣ್ಣು ಕದಿಯಬಲ್ಲುದು. ಐದು ವರ್ಷಗಳಲ್ಲಿ, 1873ರಲ್ಲಿ, ಮದರಾಸಿನ ಪ್ರದರ್ಶನದ ಚಿನ್ನದ ಪದಕ ಆತನ ಕೊರಳಿಗೆ ಬಂತು.

ರವಿವರ್ಮನು ಕಡೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಬರೆದ ಚಿತ್ರಗಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯೊಡನೆ ಸೇರಿಸಿ ನೆನೆಯದ ಮೈಸೂರಿಗರಿಲ್ಲ. ಅದೇ ಚಿತ್ರಶಾಲೆಯಲ್ಲಿ ಜನ ಮುಗಿಬಿದ್ದು ನೋಡುವ ಇನ್ನೊಂದು ಚಿತ್ರ ಉಂಟು: ಅಂಗೈ ಮರೆಮಾಡಿ ದೀಪ ಹಿಡಿದು ನಿಂತ ಹೆಂಗಸು. ಅದನ್ನು ರವಿವರ್ಮನದೆಂದು, ತೈಲಚಿತ್ರವೆಂದು ಹೆತ್ತವರು ಮಕ್ಕಳಿಗೆ ಹೇಳಿಕೊಡುತ್ತಿರುವುದನ್ನು ಯಾರೂ ಕೇಳಬಹುದು. ಎರಡೂ ತಪ್ಪು. ಬರೆದವರು ಮಹಾರಾಷ್ಟ್ರದ ಎಸ್. ಎಲ್. ಹಲ್ದಂಕರ್, 1945–46ರ ಸುಮಾರಿನಲ್ಲಿ, ಬಿಳಿಯ ಕಾಗದದ ಮೇಲೆ, ಬರಿಯ ಜಲವರ್ಣದಲ್ಲಿ! ಬೆರಳ ಸಂದಿನ ಆ ಕೆಂಪು ಕಾಗದದ ಬಿಳುಪಿನಿಂದ ಹುಟ್ಟಿದ್ದು. ಚಿತ್ರದ ಹೊರಮೈಯನ್ನು ನೋಡಿ ಒಳಗುಟ್ಟನ್ನು ಹೇಳುವುದು ಎಷ್ಟು ಕಠಿನವೆಂಬುದಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ.

ಇಂದು ಈ ಪದರದ ವಿಧಾನವನ್ನು ಕಲಿಯಬಯಸುವ ಗೃಹಸ್ಥನೋ ಗೃಹಿಣಿಯೋ ಏನು ಮಾಡಬೇಕು? ವಸ್ತು ಸಣ್ಣದಿರಲಿ, ಒಂದು ದಾಳಿಂಬೆಹಣ್ಣು, ಪಕ್ಕದಲ್ಲೊಂದು ಹಿತ್ತಾಳೆಯ ತಂಬಿಗೆ. ಮರದ ಹಲಗೆಯನ್ನು ಉಜ್ಜಿ, ಸರೇಸಿನ ತೆಳು ಲೇಪ ಕೊಟ್ಟು, ಸರೇಸಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯನ್ನು ಹಲವು ಸಲ ಬಳಿದು ನಯಮಾಡಿದರೆ ಹಾಸು ಸಿದ್ಧ. (ಮೈಸೂರು ಶೈಲಿಯ ಚಿತ್ರಕಾರರು ಚಿನ್ನದ ರೇಕಿನ ಅಡಿಗೆ ಮಕ್ಕಿ ಸಫೇದವನ್ನು ಹದವಿಡುವುದನ್ನು ಕಂಡವರಿಗೆ ಈ ತಾಳ್ಮೆ ಹೊಸದಲ್ಲ.) ಬಟ್ಟೆಯ ಮೇಲೆ ಬರೆಯುವುದಾದರೆ ಸರೇಸಿನ ಲೇಪ ಇನ್ನೂ ಮುಖ್ಯ, ಅಗಸೆ ಎಣ್ಣೆ ನೇರವಾಗಿ ನೂಲಿಗೆ ಇಳಿದರೆ ಕಾಲಕ್ರಮದಲ್ಲಿ ಬಟ್ಟೆ ಪುಡಿಯಾಗುತ್ತದೆ. ಹಾಸಿನ ಮೇಲೆ ಇದ್ದಲಿನ ರೇಖೆ. ಅನಂತರ ಕಂದು ಮಣ್ಣಿನ ಬಣ್ಣ ಮತ್ತು ಬಿಳಿ ಇವೆರಡರಿಂದಲೇ ಹಣ್ಣಿನ ಉರುಟು, ತಂಬಿಗೆಯ ಹೊಟ್ಟೆ, ಇವುಗಳ ನೆಳಲು ಎಲ್ಲವನ್ನೂ ಪೂರ್ತಿಯಾಗಿ ತಿದ್ದಬೇಕು. ಡಚ್ಚರು ಈ ಪದರವನ್ನು ‘ಸತ್ತ ಬಣ್ಣ’ ಎಂದು ಕರೆದರು. ಹಲಗೆಯ ಮೇಲೀಗ ಬೂದಿಯಲ್ಲಿ ಉರುಳಿಸಿದಂಥ ದಾಳಿಂಬೆ ಇರುತ್ತದೆ. ಮನೆಯವರು ಬಂದು ನೋಡಿ, ಇದಕ್ಕೆ ಬಣ್ಣ ಎಲ್ಲಿ ಎಂದು ಕೇಳುವ ಹೊತ್ತು ಇದೇ.

ಇಲ್ಲಿ ನಿಲ್ಲಬೇಕು. ಒಣಗುವುದೆಂದರೆ ಆರುವುದಲ್ಲ. ಒದ್ದೆ ಸೀರೆಯ ನೀರು ಆವಿಯಾಗಿ ಹೋಗುತ್ತದೆ. ಅಗಸೆ ಎಣ್ಣೆಯಿಂದ ಆವಿಯಾಗಿ ಹೋಗುವುದು ಬಹಳವಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ, ತೂಕದಲ್ಲಿ ಹೆಚ್ಚಿ, ಗಟ್ಟಿಯಾದ ಪೊರೆಯಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜತೆಗೆ ಅಗಸಿ ಹಿಂಡಿಯಾಗಿ ತಟ್ಟೆಗೆ ಬರುವ ಅದೇ ಬೀಜದ ಎಣ್ಣೆಗೆ ಈ ಗುಣವಿದೆ. ಅಕ್ರೋಟಿನ ಎಣ್ಣೆಗೂ ಗಸಗಸೆಯ ಎಣ್ಣೆಗೂ ಇದೆ. ಕೊಬ್ಬರಿ ಎಣ್ಣೆಗಿಲ್ಲ, ಅದರಲ್ಲಿ ಬರೆದ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಕೈಗೆ ಅಂಟೀತು. ಈ ಹೀರುವಿಕೆಯಿಂದ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಕಿಡಿ ತಗಲದೆ ತಾವಾಗಿಯೇ ಹೊತ್ತಿಕೊಂಡಾವು. ಮಕ್ಕಳಿರುವ ಮನೆಯಲ್ಲಿ ಇದು ನೆನಪಿರಲಿ: ಚಿಂದಿಯನ್ನು ಹೊರಗೆ ಹರವಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಬೇಕು. ಹಳಬರು ಬಳಸುತ್ತಿದ್ದ ಸೀಸದ ಬಿಳಿ ವಿಷ; ಹೊಸಬರಿಗೆ ಟೈಟಾನಿಯಂ ಬಿಳಿಯೇ ಸಾಕು.

ಮಣ್ಣಿನ ಬಣ್ಣಗಳು ಬೇಗ ಒಣಗುತ್ತವೆ. ಕಪ್ಪು ಮತ್ತು ಕೆಲವು ಕೆಂಪುಗಳು ವಾರ ಕಳೆದರೂ ಹಸಿಯಾಗಿರಬಹುದು. ಕತ್ತಲೆಯ, ತೇವದ ಕೋಣೆಯಲ್ಲಿ ಇನ್ನೂ ತಡ. ಇಲ್ಲಿ ಒಂದು ಕಟ್ಟಳೆ ಮೀರುವಂತಿಲ್ಲ: ಜಿಡ್ಡು ಕಡಮೆಯಿರುವ ಬಣ್ಣ ಕೆಳಗೆ, ಜಿಡ್ಡು ಹೆಚ್ಚಿರುವುದು ಮೇಲೆ. ಮೊದಲ ಪದರವನ್ನು ಟರ್ಪೆಂಟೈನಿನಿಂದ ತೆಳುಮಾಡಿಕೊಂಡು, ಮೇಲಿನದಕ್ಕೆ ಸ್ವಲ್ಪ ಸ್ವಲ್ಪವಾಗಿ ಎಣ್ಣೆ ಹೆಚ್ಚಿಸಬೇಕು. ತಲೆಕೆಳಗಾದರೆ ಮೇಲಿನ ಪೊರೆ ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗುತ್ತ, ಬೇಸಿಗೆಯ ಕೆರೆಯಂಗಳದಂತೆ ಚಿತ್ರ ಬಿರಿಯುತ್ತದೆ. ಬೆರಳಿಗೆ ಅಂಟದು ಎಂದಮಾತ್ರಕ್ಕೆ ಒಣಗಿತೆಂದೂ ಅಲ್ಲ. ಕೆನೆಯ ಕೆಳಗೆ ಹಾಲು ಹಾಲಾಗಿಯೇ ಇರುತ್ತದೆ.

ಎರಡು ಮೂರು ವಾರಗಳಾದ ಮೇಲೆ ಕೆಂಪಿನ ಸರದಿ. ಗಾಜಿನಂಥ ಈ ಕೆಂಪುಗಳನ್ನು ಯುರೋಪಿನವರು ‘ಲೇಕ್’ ಎನ್ನುತ್ತಾರೆ. ಆ ಹೆಸರು ‘ಲಾಕ್ಷಾ’ದ ವಂಶದ್ದು, ಭಾರತದ ಮರಗಳ ಮೇಲಿನ ಅರಗು ಹಡಗು ಹತ್ತಿ ಹೋಗಿ ಇಟಲಿಯ ಚಿತ್ರಗಳಲ್ಲಿ ರಾಜರ ನಿಲುವಂಗಿಯಾಯಿತು. ಎಣ್ಣೆ ಬೆರೆತ ಕೆಂಪನ್ನು ಅಗಲ ಕುಂಚದಿಂದ ಬೂದು ಹಣ್ಣಿನ ಮೇಲೆ ತೆಳ್ಳಗೆ ಎಳೆದು, ಹೆಚ್ಚಾದುದನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಕೆಳಗಿನ ನೆಳಲು ನೆಳಲಾಗಿ, ಬಿಳುಪು ಕೆಂಡವಾಗಿ ಮೇಲೇಳುತ್ತದೆ. ಅದುವರೆಗೆ ಬೇಸತ್ತಿದ್ದವರಿಗೆ ಆ ಕ್ಷಣ ಕೊಡುವ ಸಂತೋಷ ಸಾಮಾನ್ಯವಲ್ಲ. ಅಷ್ಟಕ್ಕೆ ತೃಪ್ತಿಯಿಲ್ಲದಿದ್ದರೆ ಮತ್ತೆ ವಾರ, ಮತ್ತೆ ಪದರ. ಮಾದರಿಯ ಹಣ್ಣಂತೂ ಅಷ್ಟರಲ್ಲಿ ಸುಕ್ಕುಗಟ್ಟಿರುತ್ತದೆ. ಅದನ್ನು ನೋಡಿ ಕಲಿಯಬೇಕಾದುದನ್ನೆಲ್ಲ ಬೂದು ಬಣ್ಣದ ದಿನಗಳಲ್ಲೇ ಕಲಿತಿರಬೇಕು. ಟಿಷಿಯನ್ ತನ್ನ ಚಿತ್ರಗಳನ್ನು ಗೋಡೆಗೆ ಮುಖ ತಿರುಗಿಸಿಟ್ಟು, ತಿಂಗಳುಗಟ್ಟಲೆ ನೋಡದೆ ಬಿಟ್ಟು, ಆಮೇಲೆ ಶತ್ರುವನ್ನು ಪರೀಕ್ಷಿಸುವಂತೆ ಪರೀಕ್ಷಿಸುತ್ತಿದ್ದನೆಂದು ಅವನ ಕಡೆಗಾಲವನ್ನು ಕಂಡಿದ್ದ ಕಿರಿಯ ಪಾಲ್ಮ ಹೇಳಿದ್ದುಂಟು. ಗುಟ್ಟು ಎಂಬುದಿದ್ದರೆ ಅದು ಪ್ರೋವಿಸರ ಕಾಗದಕ್ಕಿಂತ ಈ ಗೋಡೆಯ ಬಳಿ ಹೆಚ್ಚು ಇದ್ದೀತು.

ರೆನಾಲ್ಡ್ಸ್ ಚಿತ್ರ ಕೆರೆದು ತಿಳಿಯಲಾರದೆ ಹೋದದ್ದನ್ನು ಇಂದು ಚಿತ್ರವನ್ನು ಮುಟ್ಟದೆಯೇ ತಿಳಿಯುತ್ತಾರೆ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಲಿಯೊನಾರ್ಡೊ ಬರೆದ ಏಳು ಚಿತ್ರಗಳ ಮುಖಗಳನ್ನು ಕ್ಷಕಿರಣದ ಸಹಾಯದಿಂದ ಪರೀಕ್ಷಿಸಿದರು. ಅವುಗಳಲ್ಲಿ ‘ಮೋನಾ ಲೀಸಾ’ವೂ ಒಂದು. ಕೆನ್ನೆಯ ನೆಳಲಿನ ಒಂದೊಂದು ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಎಲ್ಲ ಪದರಗಳೂ ಕೂಡಿ ತಲೆಗೂದಲಿಗಿಂತ ತೆಳು. ಆದರೆ ಹಳಬರ ಕೈಯೂ ಎಲ್ಲ ಕಡೆ ಗೆಲ್ಲಲಿಲ್ಲ. ಸುಮಾರು 1665ರಲ್ಲಿ ವರ್ಮೀರ್ ಬರೆದ, ಮುತ್ತಿನ ಓಲೆಯ ಹುಡುಗಿಯ ಹಿಂದೆ ಇಂದು ಕಾಣುವುದು ಬರಿಯ ಕಪ್ಪು. ಅಲ್ಲಿ ನೀಲಿಯನ್ನೂ ಗಿಡದ ಹಳದಿಯನ್ನೂ ಬೆರೆಸಿ ಹಾಸಿದ ಪಾರದರ್ಶಕ ಹಸುರಿತ್ತು. ಮಡಿಕೆಬಿದ್ದ ಹಸುರು ಪರದೆಯೊಂದಿತ್ತು ಎಂದು 2018ರಲ್ಲಿ ಆರಂಭವಾದ ಪರೀಕ್ಷೆಗಳಿಂದ ತಿಳಿಯಿತು. ಹಸುರು ಮಾಸಿಹೋಯಿತು; ಅದರ ಕೆಳಗಿನ ಕಪ್ಪು ಉಳಿಯಿತು.

ದಾಳಿಂಬೆಯ ಚಿತ್ರ ಮುಗಿದೊಡನೆ ಅದಕ್ಕೆ ವಾರ್ನಿಷ್ ಬಳಿಯಲು ಹೊರಡಬಾರದು. ಆರು ತಿಂಗಳಾದರೂ, ಆದರೆ ವರ್ಷವೇ, ಬಿಡುವುದು ಲೇಸು. ಆ ಅವಧಿಯಲ್ಲಿ ಚಿತ್ರವನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಡುವ ಅಕ್ಕರೆ ಹಲವರಿಗುಂಟು. ಅದು ಬೇಡ. ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಗಟ್ಟುತ್ತದೆ. 1629ರಲ್ಲಿ ರೂಬೆನ್ಸ್ ಲಂಡನ್ನಿನಲ್ಲಿದ್ದಾಗ ಇದೇ ಚಿಂತೆ ಅವನಿಗೆ ಹತ್ತಿತು. ಪೈರೆಸ್ಕ್ ಎಂಬ ಫ್ರೆಂಚ್ ಸ್ನೇಹಿತನಿಗಾಗಿ ಬರೆದ ತನ್ನ ಭಾವಚಿತ್ರ ಪೆಟ್ಟಿಗೆಯಲ್ಲಿ ಬಹುದಿನ ಗಾಳಿಬೆಳಕಿಲ್ಲದೆ ಕುಳಿತಿತ್ತು. ಹೊಸ ಬಣ್ಣ ಹಳದಿಗಟ್ಟಿದ್ದರೂ 걱ಪಡಬೇಕಾಗಿಲ್ಲ. ಚಿತ್ರವನ್ನು ಆಗಾಗ್ಗೆ ಬಿಸಿಲಿನಲ್ಲಿಡಿ, ಮತ್ತೆ ಮಂಕಾದರೆ ಮತ್ತೆ ಇಡಿ, ಈ ರೋಗಕ್ಕೆ ಅದೊಂದೇ ಮದ್ದು ಎಂದು ಕಾಗದ ಬರೆದನು. ಬಿಸಿಲಿಗೆ ಇಲ್ಲಿ ಬರವಿಲ್ಲ. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿಯ ಬಳಿ ದಿನಕ್ಕೆ ಸ್ವಲ್ಪ ಹೊತ್ತು ಇಟ್ಟರಾಯಿತು.